ಆರ್‌ಸ್ಟುಡಿಯೋ ಓಪನ್ ಮಾಡಿದ್ರೆ ಹೋದ ವರ್ಷದ ಡೇಟಾ ತಾನಾಗೇ ಬರ್ತಿದೆ, ಆ ಫೈಲ್ ಅಳಿಸಬಹುದಾ?

ಕಬ್ಬಿನಗದ್ದೆ (ಮಂಡ್ಯ):
ನಮಸ್ಕಾರ ಎಲ್ರಿಗೂ. ಕಬ್ಬಿನ ಇಳುವರಿ ಮೇಲೆ ಪ್ರಾಜೆಕ್ಟ್ ಮಾಡ್ತಿದೀನಿ, ನಾಲೆ ನೀರಿನ ಗದ್ದೆ, ಬೋರ್‌ವೆಲ್ ಗದ್ದೆ ಎರಡನ್ನೂ ಹೋಲಿಸೋದು, ತಳಿ ಎಲ್ಲಾ ಕಡೆ ಕೋ 86032. ಲೆಕ್ಕ, ಗ್ರಾಫ್ ಎಲ್ಲಾ ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಲಿ, ಅದನ್ನ ಬರೆದು ಓಡಿಸೋ ಸಾಫ್ಟ್‌ವೇರೇ ಆರ್‌ಸ್ಟುಡಿಯೋ. ಆರ್‌ಸ್ಟುಡಿಯೋ ಓಪನ್ ಆಗೋಕೇ ಮೂರು ನಿಮಿಷ ಬೇಕು, ಆದ್ಮೇಲೆ ನೋಡಿದ್ರೆ ಹೋದ ವರ್ಷದ ಟೇಬಲ್‌ಗಳೆಲ್ಲಾ ಬಂದು ಕೂತಿರ್ತವೆ. ಮೊನ್ನೆ ಈ ವರ್ಷದ ಫೈಲ್ ಹೆಸರಲ್ಲಿ ಒಂದಕ್ಷರ ತಪ್ಪಾಗಿ ಓದೋ ಲೈನ್ ಎರರ್ ಕೊಟ್ಟಿದೆ, ನಾನು ಗಮನಿಸದೆ ಒಂದೊಂದೇ ಲೈನ್ ರನ್ ಮಾಡ್ತಾ ಹೋದೆ, ಹಳೇ 'ಇಳುವರಿ' ಟೇಬಲ್ ಅದೇ ಹೆಸರಲ್ಲಿ ಇತ್ತಲ್ಲ, ಅದ್ರ ಮೇಲೇ ಎಲ್ಲಾ ಓಡಿ ಗ್ರಾಫೂ ಬಂತು, ಅದನ್ನೇ ಗೈಡ್‌ಗೆ ಕಳಿಸ್ಬಿಟ್ಟೆ. ಫೋಲ್ಡರ್‌ನಲ್ಲಿ ಡಾಟ್ ಆರ್‌ಡೇಟಾ ಅಂತ 900 ಎಂಬಿ ಫೈಲ್ ಇದೆ. ಅಳಿಸೋಕೆ ಭಯ, ಎರಡು ರಾತ್ರಿ ಓಡಿದ ಮಾಡೆಲ್ ಅದ್ರೊಳಗೇ ಇದೆ.

ಗಂಗೋತ್ರಿ ಕಡೆಯವಳು (ಮೈಸೂರು):
ಅಳಿಸ್ಬೇಡಿ! ಮೊದ್ಲು ಮಾಡೆಲ್ ಹೊರಗೆ ತೆಗೀರಿ. ಕ್ಲೋಸ್ ಮಾಡೋವಾಗ ವರ್ಕ್‌ಸ್ಪೇಸ್ ಸೇವ್ ಮಾಡ್ಲಾ ಅಂತ ಕೇಳುತ್ತಲ್ಲ, ಅದಕ್ಕೆ ಯೆಸ್ ಅಂದಾಗೆಲ್ಲಾ ಮೆಮೊರಿಲಿ ಇರೋದನ್ನ ಪೂರ್ತಿ ಆ ಫೈಲ್‌ಗೆ ಬರೆಯುತ್ತೆ, ಮುಂದಿನ ಸಲ ಅದೇ ಫೋಲ್ಡರ್‌ನಲ್ಲಿ ಶುರುವಾದ್ರೆ ವಾಪಸ್ ತುಂಬುತ್ತೆ. ಪ್ಯಾಕೇಜ್‌ಗಳು (ಆರ್‌ಗೆ ಸೇರಿಸ್ಕೊಳ್ಳೋ ಹೆಚ್ಚುವರಿ ಕೋಡ್) ಮಾತ್ರ ಬರಲ್ಲ, ಅವನ್ನ ಮತ್ತೆ ಲೈಬ್ರರಿ ಅಂತ ಕರೀಲೇಬೇಕು.

ಮಾಡೆಲ್‌ನ ಸೇವ್‌ಆರ್‌ಡಿಎಸ್ ಕಮಾಂಡ್‌ನಲ್ಲಿ ಬೇರೆ ಫೈಲ್ ಮಾಡಿ, ಆಮೇಲೆ ರೀಡ್‌ಆರ್‌ಡಿಎಸ್‌ನಲ್ಲಿ ನಿಮಗೆ ಬೇಕಾದ ಹೆಸರಿಗೆ ಓದ್ಕೊಳ್ಳಿ. ಲೋಡ್ ಅನ್ನೋ ಕಮಾಂಡ್ ಹಾಗಲ್ಲ, ಹಳೇ ಹೆಸರಲ್ಲೇ ತಂದು ಹಾಕುತ್ತೆ, ಅದೇ ಹೆಸರಿನದ್ದು ಆಗ್ಲೇ ಇದ್ರೆ ಒಂದು ಮಾತೂ ಹೇಳದೆ ಅದ್ರ ಮೇಲೇ ಬರೆದ್ಬಿಡುತ್ತೆ. ಇದಾದ್ಮೇಲೆ ಟೂಲ್ಸ್, ಗ್ಲೋಬಲ್ ಆಪ್ಷನ್ಸ್, ಜನರಲ್‌ಗೆ ಹೋಗಿ ರಿಸ್ಟೋರ್ ಟಿಕ್ ತೆಗೀರಿ, ಸೇವ್ ಅನ್ನೋ ಕಡೆ ನೆವರ್ ಇಡಿ.

ಹಳೇಮೈಸೂರು:
ಮೇಲೆ ಹೇಳಿದ್ದು ಸರಿ. ಹಳೇ ಫೈಲ್‌ಗೆ ಬೇರೆ ಹೆಸರಿಟ್ಟು ಎತ್ತಿಡಿ, ಕಂಟ್ರೋಲ್ ಶಿಫ್ಟ್ ಎಫ್10 ಒತ್ತಿ ರಿಸ್ಟಾರ್ಟ್ ಮಾಡಿ ಸ್ಕ್ರಿಪ್ಟ್‌ನ ಮೊದಲ ಲೈನಿಂದ ಓಡ್ಸಿ. ಬರೀ ಆರ್‌ಎಂ ಅನ್ನೋ ಅಳಿಸೋ ಕಮಾಂಡ್ ಹಾಕಿ ಖಾಲಿ ಮಾಡಿದ್ರೆ ಸಾಲಲ್ಲ, ಲೋಡ್ ಆಗಿರೋ ಪ್ಯಾಕೇಜ್, ಬದಲಾಯಿಸಿದ ಆಪ್ಷನ್ಸ್ ಹಾಗೇ ಉಳೀತವೆ. ಎಲ್ಲಿ 'ಆಬ್ಜೆಕ್ಟ್ ನಾಟ್ ಫೌಂಡ್' ಬರುತ್ತೋ ಅಲ್ಲೆಲ್ಲಾ ನೀವು ಕಮಾಂಡ್ ನೇರ ಟೈಪ್ ಮಾಡೋ ಕನ್ಸೋಲ್‌ನಲ್ಲಿ ಮಾಡಿ ಸ್ಕ್ರಿಪ್ಟ್‌ಗೆ ಬರೀದೇ ಬಿಟ್ಟ ಕೆಲಸ ಇರಬಹುದು. ಡಾಟ್ ಆರ್‌ಹಿಸ್ಟರಿ ಫೈಲ್‌ನಲ್ಲಿ (ಟೈಪ್ ಮಾಡಿದ ಕಮಾಂಡ್‌ಗಳ ಪಟ್ಟಿ ಅದ್ರಲ್ಲಿರುತ್ತೆ) ಹುಡುಕಿ, ಸಿಗಬಹುದು. ಹಳೇದ್ರಿಂದ ಒಂದೇನೋ ಬೇಕಾದ್ರೆ ನ್ಯೂ ಡಾಟ್ ಎನ್ವ್‌ನಲ್ಲಿ ಖಾಲಿ ಎನ್ವಿರಾನ್‌ಮೆಂಟ್ (ಬೇರೆ ಡಬ್ಬಿ ಇದ್ದ ಹಾಗೆ) ಮಾಡಿ ಅದ್ರೊಳಗೆ ಲೋಡ್ ಮಾಡಿ, ಈಗಿನದ್ದು ಕೆಡಲ್ಲ. ಇನ್ನೊಂದು, ಲ್ಯಾಬ್ ಕಂಪ್ಯೂಟರ್‌ನಲ್ಲಿ ಆರ್ 3.5ಕ್ಕಿಂತ ಹಳೇದಿದ್ರೆ 3.6 ಅಥವಾ ಆಮೇಲಿನ ಆರ್‌ನಲ್ಲಿ ಸೇವ್ ಮಾಡಿದ ಫೈಲ್ ಓದಲ್ಲ, ಸೇವ್ ಮಾಡೋವಾಗ ವರ್ಷನ್ 2 (ಫೈಲ್ ರೂಪದ್ದು, ಆರ್‌ದಲ್ಲ) ಅಂತ ಕೊಡಿ.

ಕಬ್ಬಿನಗದ್ದೆ (ಮಂಡ್ಯ):
ಇಬ್ರಿಗೂ ತುಂಬಾ ಥ್ಯಾಂಕ್ಸ್. ಮಾಡೆಲ್ ಹೊರಗೆ ಬಂತು, 14 ಎಂಬಿ ಅಷ್ಟೇ. ಮೊದಲಿಂದ ಓಡಿಸ್ದಾಗ ಎರಡು ಕಡೆ ನಿಂತ್ಕೊಂತು, ಒಂದು ಲೈಬ್ರರಿ ಲೈನ್ ಇರ್ಲಿಲ್ಲ, ಇನ್ನೊಂದು ಕೂಳೆ ಕಬ್ಬಿನ ಸಾಲುಗಳನ್ನ ತೆಗೆದು ಮಾಡಿದ್ದ ಟೇಬಲ್, ಅದನ್ನ ಕನ್ಸೋಲ್‌ನಲ್ಲಷ್ಟೇ ಮಾಡಿದ್ದೆ. ಹಿಸ್ಟರಿಲಿ ಆ ಲೈನ್ ಸಿಕ್ತು, ಸ್ಕ್ರಿಪ್ಟ್‌ಗೆ ಸೇರಿಸ್ದೆ. ಹಳೇ ಗ್ರಾಫ್ ತಪ್ಪು, ಯಾಕೆ ತಪ್ಪು ಅಂತ ಬರ್ದು ಗೈಡ್‌ಗೆ ಹೊಸದನ್ನ ಈಗಷ್ಟೇ ಕಳಿಸ್ದೆ.