ಉತ್ತೇಜಕ ಮಾದಕಗಳ ಚಟ: ಮನೋವೈದ್ಯರೊಂದಿಗೆ ಪೋಷಕರ ಬಳಗದ ಪ್ರಶ್ನೋತ್ತರ

ಸದಸ್ಯೆ, ಮೈಸೂರು: ಡಾಕ್ಟರೇ, ನಮಸ್ಕಾರ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ 24 ವರ್ಷದ ಮಗ ಮೆಥ್ (ಮೆಥಾಂಫೆಟಮಿನ್ ಎಂಬ ಉತ್ತೇಜಕ ಮಾದಕ) ಸೇದುತ್ತಿದ್ದುದು ಗೊತ್ತಾಗಿ ಮನೆಗೆ ಕರೆತಂದು ಮೂರು ವಾರವಾಯಿತು. ಮೊದಮೊದಲು ಬರೀ ಮಲಗುತ್ತಿದ್ದ, ಎದ್ದರೆ ಹಸಿವು ಎನ್ನುತ್ತಿದ್ದ. ಈಗ ನಿದ್ದೆಯಿಲ್ಲ. ಪಕ್ಕದ ಮನೆಯವರು ಕಣ್ಣಿಟ್ಟಿದ್ದಾರೆಂದು ಕಿಟಕಿಗೆ ಬೆಡ್‌ಶೀಟ್ ಕಟ್ಟಿದ್ದಾನೆ, ನಾನು ಬಡಿಸಿದ ಅನ್ನವನ್ನು ಮೂಸಿ ನೋಡುತ್ತಾನೆ. ಬಿಟ್ಟ ಮೇಲೂ ಹೀಗೇಕೆ?

ಸದಸ್ಯ, ದಾವಣಗೆರೆ: ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ ಇರುವ ನನ್ನ ಮಗಳಿಗೆ ಮೀಥೈಲ್‌ಫೆನಿಡೇಟ್ ಮಾತ್ರೆ ಬರೆದುಕೊಟ್ಟಿದ್ದಾರೆ. ಅದೂ ಉತ್ತೇಜಕವೇ ಅಲ್ಲವೇ?

ಸದಸ್ಯ, ಉಡುಪಿ: ಕಂಪನಿಯ ಮೂತ್ರ ಪರೀಕ್ಷೆಯಲ್ಲಿ ಇವು ಎಷ್ಟು ದಿನ ಕಾಣುತ್ತವೆ?

ಮನೋವೈದ್ಯರು: ದಾವಣಗೆರೆಯವರೇ, ಹೇಳಿದ ಪ್ರಮಾಣದಲ್ಲಿ ನುಂಗಿದ ಮಾತ್ರೆ ಮಿದುಳನ್ನು ನಿಧಾನವಾಗಿ ತಲುಪುತ್ತದೆ, ಚಟದ ಭಯದಿಂದ ನೀವಾಗಿ ನಿಲ್ಲಿಸಬೇಡಿ.

ಮೈಸೂರಿನ ಅಮ್ಮಾ, ನಿಮ್ಮ ಮಾತು ನನಗೆ ಕಳವಳ ತಂದಿದೆ. ಖುಷಿಯ ಸಂದೇಶ ಒಯ್ಯುವ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ನರಕೋಶಕ್ಕೆ ಮರಳುವ ದಾರಿಯನ್ನು ಕೊಕೇನ್ ಮುಚ್ಚುತ್ತದೆ; ಮೆಥ್ ಅಷ್ಟಕ್ಕೇ ನಿಲ್ಲದೆ ಕೋಶದೊಳಗೆ ಹೊಕ್ಕು, ಅಲ್ಲಿ ಶೇಖರವಾಗಿದ್ದ ಡೋಪಮೈನನ್ನೂ ಅದೇ ದಾರಿಯಿಂದ ಹೊರದೂಡುತ್ತದೆ. ಈ ನೆರೆ ಮತ್ತೆ ಮತ್ತೆ ಬಂದಾಗ ಮಿದುಳು ಡೋಪಮೈನನ್ನು ಹಿಡಿಯುವ ತನ್ನ ಗ್ರಾಹಕಗಳನ್ನು ತಗ್ಗಿಸಿಕೊಳ್ಳುವುದರಿಂದ ಊಟ, ಹಾಡು, ಗೆಳೆತನ ಯಾವುದೂ ರುಚಿಸುವುದಿಲ್ಲ, ದುಡುಕಿಗೆ ತಡೆ ಹಾಕಬೇಕಾದ ಹಣೆಯ ಹಿಂದಿನ ಭಾಗವೂ ಮಂಕಾಗುತ್ತದೆ. ಮೊದಲಿನ ನಿದ್ದೆ, ಹಸಿವು ಸಹಜ. ಸಂಶಯದ ವಿಷಯ ಬೇರೆ. ಮೆಥ್‌ನಿಂದ ಬಂದ ಸಂಶಯ, ಭ್ರಮೆಗಳು ಹೆಚ್ಚಿನವರಲ್ಲಿ ಬಿಟ್ಟ ಕೆಲವು ದಿನಗಳಲ್ಲೇ ಇಳಿಯುತ್ತವೆ. ಮೂರನೆಯ ವಾರದಲ್ಲಿ ಅವು ಏರುತ್ತಿದ್ದರೆ ಅವನು ಕದ್ದು ಸೇದುತ್ತಿರಬಹುದು, ಇಲ್ಲವೇ ಸ್ಕಿಜೋಫ್ರೇನಿಯಾದಂತಹ ಮಾನಸಿಕ ಕಾಯಿಲೆ ತಲೆಯೆತ್ತುತ್ತಿರಬಹುದು, ನೋಡದೆ ಹೇಳಲಾಗದು. ಇಂದೇ ಮನೋವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಅವನೊಡನೆ ವಾದಿಸಬೇಡಿ. ಸಾಯುವ ಮಾತಾಡಿದ್ದಾನೆಯೇ?

ಸದಸ್ಯ, ಶಿವಮೊಗ್ಗ: ನನಗೆ ಬಂದ ಸಂದೇಶ: ಏಳು ದಿನ ಅಮೃತಬಳ್ಳಿ ಕಷಾಯ ಕುಡಿಸಿದರೆ ಮಿದುಳಿನ ವಿಷವೆಲ್ಲ ತೊಳೆದುಹೋಗುತ್ತದೆ. ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಪುಡಿಯೂ ಸಿಗುತ್ತದೆ.

ಸದಸ್ಯೆ, ಮೈಸೂರು: ಅಂತಹದೇ ಪುಡಿಯನ್ನು ಹೋದ ವಾರದಿಂದ ಸಾರಿಗೆ ಹಾಕುತ್ತಿದ್ದೇನೆ. ಬದುಕಿ ಏನು ಪ್ರಯೋಜನ ಎಂದು ನಿನ್ನೆ ಅಂದ.

ಮನೋವೈದ್ಯರು: ಪುಡಿಯನ್ನು ಈಗಲೇ ನಿಲ್ಲಿಸಿ, ಪೊಟ್ಟಣವನ್ನು ಆಸ್ಪತ್ರೆಗೆ ಒಯ್ಯಿರಿ. ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆಯನ್ನು ಅರೆದು ಗುಟ್ಟಾಗಿ ಹಾಕುವವರಿದ್ದಾರೆ. ಅದರ ಮೇಲೆ ಮದ್ಯ ಸೇವಿಸಿದರೆ ಜೀವಕ್ಕೇ ಅಪಾಯ. ಊಟದಲ್ಲಿ ಏನೋ ಬೆರೆಸುತ್ತಿದ್ದಾರೆಂಬ ಅವನ ಅನುಮಾನವೂ ಈಗ ಸುಳ್ಳಲ್ಲ. ಅವನನ್ನು ಒಂಟಿಯಾಗಿ ಬಿಡಬೇಡಿ. ದಾರಿಯಲ್ಲಿ ಸಲಹೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆಮಾಡಿ.

ಶಿವಮೊಗ್ಗದವರೇ, ತೊಳೆಯಲು ಅಲ್ಲಿ ವಿಷ ಉಳಿದಿರುವುದಿಲ್ಲ. ಅಮೆರಿಕದ ವ್ಯಸನ ಸಂಶೋಧಕಿ ನೋರಾ ವೋಲ್ಕೋವ್ ತಂಡ 2001ರಲ್ಲಿ ಪ್ರಕಟಿಸಿದ ಮಿದುಳಿನ ಸ್ಕ್ಯಾನ್‌ಗಳಲ್ಲಿ, ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮೆಥ್‌ನಿಂದ ದೂರವಿದ್ದವರಲ್ಲಿ ಡೋಪಮೈನ್ ಸಾಗಿಸುವ ಪ್ರೋಟೀನು ಚೇತರಿಸಿಕೊಂಡಿತ್ತು. ನೆನಪು, ಚಲನೆಗಳ ಪರೀಕ್ಷೆಯಲ್ಲಿ ಅಷ್ಟು ಸುಧಾರಣೆ ಕಾಣಲಿಲ್ಲ. ವರ್ಷ ಹಿಡಿಯುವ ಕೆಲಸಕ್ಕೆ ಏಳು ದಿನದ ಲೆಕ್ಕ ಹಂಚಬೇಡಿ.

ಸದಸ್ಯ, ಶಿವಮೊಗ್ಗ: ಆಯುರ್ವೇದವೆಂದರೆ ನಿಮಗೆ ತಾತ್ಸಾರ.

ಸದಸ್ಯ, ಕಲಬುರಗಿ: ಕಷಾಯವೂ ಬೇಡ, ಸ್ಕ್ಯಾನೂ ಬೇಡ. ಹುಡುಗರಿಗೆ ಛಲವಿಲ್ಲ. ಅಪ್ಪನ ಕೈಯಿಂದ ನಾಲ್ಕು ಏಟು ಬಿದ್ದರೆ ಸರಿಹೋಗುತ್ತಾರೆ.

ಸದಸ್ಯೆ, ಧಾರವಾಡ: ಏಟು ತಿಂದ ನನ್ನ ತಮ್ಮ ಮನೆ ಬಿಟ್ಟು ಹೋದ. ವಕೀಲೆಯಾಗಿ ಹೇಳುತ್ತೇನೆ: 1985ರ ಎನ್‌ಡಿಪಿಎಸ್ (ಮಾದಕ ವಸ್ತುಗಳ) ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಮಾನ್ಯತೆಯುಳ್ಳ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ವಿನಾಯಿತಿ ಕೊಡುತ್ತದೆ. ಕಾನೂನಿಗೇ ಇಷ್ಟು ಕರುಣೆಯಿರುವಾಗ ಅಪ್ಪನಿಗಿರಬಾರದೇ?

ಸದಸ್ಯ, ಕಲಬುರಗಿ: ಭಾಷಣ ಕೋರ್ಟಿನಲ್ಲಿರಲಿ ಮೇಡಂ. ನಿಮ್ಮ ತಮ್ಮನನ್ನು ನೀವೇ ಮುದ್ದಿಸಿ ಕೆಡಿಸಿರಬೇಕು.

ಸದಸ್ಯ, ತುಮಕೂರು: ಮೆಥ್ ಬಿಡಿಸುವ ಮಾತ್ರೆ ಇದೆಯೇ? ಎಡಿಎಚ್‌ಡಿ ಮಾತ್ರೆ ಚಟವಾಗುತ್ತದೆಯೇ?

ಮನೋವೈದ್ಯರು: ಎರಡನೆಯದಕ್ಕೆ ಮೇಲೆ ಉತ್ತರಿಸಿದ್ದೇನೆ. ಮೊದಲನೆಯದಕ್ಕೆ: ಮಾನ್ಯತೆ ಪಡೆದ ಔಷಧಿಯಿಲ್ಲ. ಬೇರೆ ಚಟಗಳಿಗೆ ಬಳಸುವ ನಾಲ್ಟ್ರೆಕ್ಸೋನ್ ಚುಚ್ಚುಮದ್ದು ಮತ್ತು ಖಿನ್ನತೆಯ ಮಾತ್ರೆ ಬ್ಯುಪ್ರೊಪಿಯಾನ್ ಜೋಡಿಯ 2021ರ ಪ್ರಯೋಗದಲ್ಲಿ ಶೇ. 13.6 ಮಂದಿ ಸ್ಪಂದಿಸಿದರು, ಹುಸಿಮದ್ದು ಪಡೆದವರಲ್ಲಿ ಶೇ. 2.5. ಕಲಬುರಗಿಯವರೇ, ಭ್ರಮೆಯಲ್ಲಿರುವವನ ಮೇಲೆ ಕೈಮಾಡಿ ಪೆಟ್ಟು ತಿಂದ ತಂದೆಯರನ್ನು ನಾನು ನೋಡಿದ್ದೇನೆ. ಸಾಕು ಮಾಡಿ.

ಸದಸ್ಯೆ, ಮೈಸೂರು: ಆಸ್ಪತ್ರೆಗೆ ಬರುವುದಿಲ್ಲವೆಂದು ಬಾಗಿಲು ಹಾಕಿಕೊಂಡಿದ್ದಾನೆ.

ಮನೋವೈದ್ಯರು: ಅವನು ನಂಬುವ ಸೋದರಮಾವನೋ ಗೆಳೆಯನೋ ಇದ್ದರೆ ಕರೆಸಿ, 108ಕ್ಕೆ ಕರೆಮಾಡಿ. ಅವನ ಒಪ್ಪಿಗೆಯಿಲ್ಲದಿದ್ದರೂ, ಜೀವಕ್ಕೆ ಅಪಾಯವಿದೆಯೆಂದು ಪರೀಕ್ಷಿಸಿದವರು ಕಂಡುಕೊಂಡರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 89ನೆಯ ಕಲಮಿನಡಿ 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು. ಫೋನು ಕೆಳಗಿಟ್ಟು ಹೊರಡಿ.

ಸದಸ್ಯ, ಉಡುಪಿ: ಪುಡಿಗೂ ಏಟಿಗೂ ಕಾನೂನಿಗೂ ಉತ್ತರವಾಯಿತು. ನನ್ನ ಮೂತ್ರ ಪರೀಕ್ಷೆಯ ಪ್ರಶ್ನೆಯನ್ನು ಯಾರೂ ಓದಲಿಲ್ಲವೇ?