ಕಾಂಬೋ ಚಾರ್ಟ್: ಎಡದ ಸೊನ್ನೆ ಒಂದು ಕಡೆ, ಬಲದ ಸೊನ್ನೆ ಇನ್ನೊಂದು ಕಡೆ

ಅಂಕಿಹುಳು: ಎಕ್ಸೆಲ್‌ನಲ್ಲಿ ಲಾಭ-ನಷ್ಟಕ್ಕೆ ಬಾರ್, ಶೇಕಡಾವಾರು ಬೆಳವಣಿಗೆಗೆ ಲೈನ್ ಹಾಕಿದ್ದೇನೆ. ಎಡ ಅಕ್ಷ -200ರಿಂದ 800, ಬಲ ಅಕ್ಷ -15ರಿಂದ 30 ಅಂತ ಅದೇ ತೆಗೆದುಕೊಂಡಿದೆ. ಹಾಗಾಗಿ ಬೆಳವಣಿಗೆ -4 ಇರುವ ತಿಂಗಳ ಚುಕ್ಕೆ, ಬಾರ್‌ಗಳ ಸೊನ್ನೆ ಗೆರೆಗಿಂತ ಮೇಲೆ ಕೂತಿದೆ! ನೋಡಿದವರು ಬೆಳವಣಿಗೆ ಆಗಿದೆ ಅಂದುಕೊಳ್ಳುತ್ತಾರೆ. ಎರಡು ಸೊನ್ನೆ ಒಂದೇ ಮಟ್ಟಕ್ಕೆ ತರೋದು ಹೇಗೆ?

ಶೀಟ್‌ಮೇಷ್ಟ್ರು: ಸೊನ್ನೆಯ ಕೆಳಗೆ ಎಷ್ಟು ಮನೆ, ಮೇಲೆ ಎಷ್ಟು ಮನೆ ಅನ್ನೋದು ಎರಡೂ ಕಡೆ ಒಂದೇ ಇರಬೇಕು, ಅಷ್ಟೇ. ನಿಮ್ಮ ಎಡ ಅಕ್ಷದಲ್ಲಿ ಕೆಳಗೆ 1 ಪಾಲು, ಮೇಲೆ 4. ಬಲದಲ್ಲಿ ಕೆಳಗೆ 1, ಮೇಲೆ 2. ಕೆಳಗೆ ಜಾಸ್ತಿ ಜಾಗ ಬೇಕಾದ ಅಕ್ಷ ಬಲದ್ದು, ಅದರ ಲೆಕ್ಕವೇ ಇಟ್ಟುಕೊಳ್ಳಿ. ಅಕ್ಷದ ಮೇಲೆ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಆಕ್ಸಿಸ್‌ಗೆ ಹೋಗಿ. ಎಡಕ್ಕೆ ಮಿನಿಮಮ್ -400, ಮ್ಯಾಕ್ಸಿಮಮ್ 800, ಮೇಜರ್ ಯೂನಿಟ್ (ಅಂದರೆ ಒಂದು ಮನೆಯ ಅಳತೆ) 200. ಬಲಕ್ಕೆ -20, 40, 10. ಎರಡೂ ಕಡೆ ಕೆಳಗೆ 2 ಮನೆ, ಮೇಲೆ 4. ಗ್ರಿಡ್ ಗೆರೆಗಳೂ ಕೂಡಿಕೊಳ್ಳುತ್ತವೆ. ಸೆಲ್‌ಗಳು ಶೇಕಡಾ ಫಾರ್ಮ್ಯಾಟ್‌ನಲ್ಲಿದ್ದರೆ -0.2, 0.4, 0.1 ಅಂತ ಟೈಪ್ ಮಾಡಿ.

ಸರಳರೇಖೆ: ಸೊನ್ನೆ ಸರಿಹೋಯಿತು, ಸಮಸ್ಯೆ ಹೋಗಲಿಲ್ಲ. ಬಲದ್ದನ್ನು -40ರಿಂದ 80 ಮಾಡಿ ನೋಡಿ. ಸೊನ್ನೆ ಅಲ್ಲೇ ಇರುತ್ತದೆ, ಆದರೆ ಲೈನ್ ಚಪ್ಪಟೆ! ಲೈನ್ ಬಾರನ್ನು ಎಲ್ಲಿ ದಾಟುತ್ತದೆ ಅನ್ನೋದಕ್ಕೆ ಅರ್ಥವೇ ಇಲ್ಲ, ಆದರೂ ಕಣ್ಣು ಹೋಗೋದು ಅಲ್ಲಿಗೇ. ಒಂದರ ಕೆಳಗೊಂದು ಎರಡು ಚಾರ್ಟ್ ಇಡಿ, ತಿಂಗಳುಗಳು ನೇರವಾಗಿ ಹೊಂದಿಕೊಂಡಿರಲಿ. ಓದುವವರಿಗೆ ಮೋಸ ಆಗೋದಿಲ್ಲ.

ಮಳೆಹನಿ: ಎಲ್ಲ ಕಡೆ ಆ ಮಾತು ನಡೆಯೋದಿಲ್ಲ. ಒಂದು ಊರಿನ ತಿಂಗಳವಾರು ಉಷ್ಣತೆ, ಮಳೆ ಎರಡನ್ನೂ ಗೆರೆಗಳಲ್ಲಿ ತೋರಿಸುವ ವಾಲ್ಟರ್-ಲೀತ್ ಹವಾಮಾನ ಚಿತ್ರ ನೋಡಿ. ಅಲ್ಲಿ 10 ಡಿಗ್ರಿ ಉಷ್ಣತೆ ಎದುರಿಗೆ 20 ಮಿ.ಮೀ. ಮಳೆ ಅಂತ ಬೇಕೆಂದೇ ಹೊಂದಿಸಿರುತ್ತಾರೆ. ಮಳೆಯ ಗೆರೆ ಉಷ್ಣತೆಯ ಗೆರೆಗಿಂತ ಕೆಳಗಿಳಿದರೆ ಅದು ಒಣ ಕಾಲ. ಅಲ್ಲಿ ಗೆರೆ ದಾಟುವ ಜಾಗವೇ ವಿಷಯ. ಎರಡು ಚಾರ್ಟ್ ಮಾಡಿದರೆ ಅದೇ ಕಳೆದುಹೋಗುತ್ತದೆ, ಅಲ್ವಾ?

ಶೀಟ್‌ಮೇಷ್ಟ್ರು: ಪರೇಟೋ ಚಾರ್ಟ್ ಕೂಡ ಹಾಗೇ. ಅದರಲ್ಲಿ ಪ್ರತಿ ಕಾರಣಕ್ಕೂ ಒಂದು ಬಾರ್, ದೊಡ್ಡದರಿಂದ ಚಿಕ್ಕದಕ್ಕೆ; ಕೂಡುತ್ತಾ ಹೋದ ಶೇಕಡಾಕ್ಕೆ ಲೈನ್. ಒಟ್ಟು ದೂರು 240 ಇದ್ದರೆ ಎಡ ಅಕ್ಷ 240ಕ್ಕೆ ನಿಲ್ಲಬೇಕು, ಬಲದ್ದು 100ಕ್ಕೆ. ಆಗ ಲೈನ್‌ನ ಮೊದಲ ಚುಕ್ಕೆ ಮೊದಲ ಬಾರಿನ ನೆತ್ತಿಯ ಮಟ್ಟದಲ್ಲೇ ಬರುತ್ತದೆ. ತಾನಾಗಿ ಬಿಟ್ಟರೆ ಬಲ ಅಕ್ಷ 120 ಶೇಕಡಾವರೆಗೂ ಏರಿಬಿಡಬಹುದು. ಒಟ್ಟು ಮೊತ್ತದ 120 ಶೇಕಡಾ ಎಲ್ಲಿಂದ ಬರುತ್ತದೆ?

ಸರಳರೇಖೆ: ಆ ಎರಡನ್ನೂ ಒಪ್ಪುತ್ತೇನೆ. ಅಲ್ಲಿ ಎರಡು ಅಕ್ಷಕ್ಕೂ ನಡುವೆ ಒಂದು ಗಟ್ಟಿ ಲೆಕ್ಕ ಇದೆ. ಲಾಭಕ್ಕೂ ಬೆಳವಣಿಗೆಗೂ ಸೊನ್ನೆ ಬಿಟ್ಟರೆ ಅಂಥದ್ದೇನಿದೆ?

ಅಂಕಿಹುಳು: ನನಗೆ ಬೇಕಾದದ್ದೂ ಆ ಸೊನ್ನೆಯೇ. ಇಳಿಕೆಯ ತಿಂಗಳು ಇಳಿಕೆಯಾಗಿ ಕಂಡರೆ ಸಾಕು. ಆದರೆ ಪ್ರತಿ ತಿಂಗಳು ಹೊಸ ಅಂಕಿ ಸೇರುತ್ತದೆ. ಹಾಕಿದ ಮಿತಿ ತಾನೇ ಬದಲಾಗುತ್ತದಾ?

ಶೀಟ್‌ಮೇಷ್ಟ್ರು: ಇಲ್ಲ. ಕೈಯಾರೆ ಹಾಕಿದ್ದು ಹಾಗೇ ಉಳಿಯುತ್ತದೆ. ನಷ್ಟ -400 ದಾಟಿದರೆ ಬಾರ್ ತುಂಡಾಗಿ ಕಾಣುತ್ತದೆ. ಮಿತಿಗೆ ಸೆಲ್ ಲಿಂಕ್ ಕೊಡಲು ಎಕ್ಸೆಲ್ ಬಿಡೋದಿಲ್ಲ. ಮಿತಿಗಳನ್ನು ಸೆಲ್‌ಗಳಲ್ಲಿ ಲೆಕ್ಕಹಾಕಿ, ಸಣ್ಣ ಮ್ಯಾಕ್ರೋ (ಎಕ್ಸೆಲ್ ಒಳಗೇ ಓಡುವ ಪುಟ್ಟ ಪ್ರೋಗ್ರಾಂ) ಬರೆದು ಅಲ್ಲಿಂದ ಎರಡೂ ಅಕ್ಷಕ್ಕೆ ತುಂಬಿ. ಮ್ಯಾಕ್ರೋ ಬೇಡ ಅಂದರೆ ಸರಳರೇಖೆಯವರು ಹೇಳಿದ ಎರಡು ಚಾರ್ಟೇ ವಾಸಿ.