ಕುಟುಂಬದ ಮನೆ ಗ್ರೂಪಲ್ಲಿ 500 ರೂಪಾಯಿಯ ವಿಡಿಯೊ

ದುಬೈ ಚಿಕ್ಕಪ್ಪ: (ಫಾರ್ವರ್ಡ್ ಆದ ವಿಡಿಯೊ) ಪ್ರತಿಭಟನೆಗೆ ಕೂತ್ರೆ ದಿನಕ್ಕೆ 500 ರೂಪಾಯಿ, ಊಟ ಫ್ರೀ, ಶಿಫ್ಟ್ ಲೆಕ್ಕದಲ್ಲಿ ಡ್ಯೂಟಿ!! ಈ ದುಡ್ಡು ಎಲ್ಲಿಂದ ಬರ್ತದೆ ಯೋಚನೆ ಮಾಡಿ. ಎಲ್ಲ ಗ್ರೂಪಿಗೂ ಕಳಿಸಿ

ದೊಡ್ಡಪ್ಪ: ನಾನು ಮೊದ್ಲಿಂದ ಹೇಳ್ತಾ ಬಂದದ್ದು ಇದನ್ನೇ. ನಮ್ಮ ಕಾಲದಲ್ಲಿ ಬೆವರು ಸುರಿಸದೆ ಒಂದು ಪೈಸೆ ಮುಟ್ಟಿದವರಲ್ಲ. ಈಗಿನವರಿಗೆ ಕೂತಲ್ಲಿಗೇ ಬರ್ಬೇಕು. ಮಕ್ಕಳಿಗೆ ಮನೆಯಲ್ಲೇ ಸಂಸ್ಕಾರ ಕಲಿಸ್ಬೇಕು

ಪುಟ್ಟಿ: ಚಿಕ್ಕಪ್ಪಾ ಇದು ಎಲ್ಲಿದು, ಯಾವಾಗಿಂದು? ನಿಮಗೆ ಕಳಿಸಿದ್ದು ಯಾರು?

ದುಬೈ ಚಿಕ್ಕಪ್ಪ: ಆಫೀಸಿನ ಗ್ರೂಪಲ್ಲಿ ಬಂದದ್ದು, ಅದ್ರಲ್ಲಿ ಎಲ್ಲ ಕಲಿತವರೇ ಇರುವುದು. ಮೊನ್ನೆ ಡೆಲ್ಲಿಯಲ್ಲಿ ಆದದ್ದು ಅಂತ ಹಾಕಿದ್ದಾರೆ. ನೀನು ಎಲ್ಲದಕ್ಕೂ ಪ್ರೂಫ್ ಕೇಳ್ತಿ

ಪುಟ್ಟಿ: ಮೊನ್ನೆದ್ದಲ್ಲ. 2020ರ ಜನವರಿದ್ದು, ಡೆಲ್ಲಿಯ ಶಾಹೀನ್ ಬಾಗಲ್ಲಿ ಪೌರತ್ವ ತಿದ್ದುಪಡಿ ಕಾನೂನಿನ ವಿರುದ್ಧ ಹೆಂಗಸರು ಕೂತಿದ್ರಲ್ಲ ಆವಾಗಿಂದು, ಆಗ ಬಿಜೆಪಿ ಐಟಿ ಸೆಲ್ಲಿನ ಮುಖ್ಯಸ್ಥರೇ ಇದನ್ನ ಟ್ವೀಟ್ ಮಾಡಿದ್ರು. ಸುದ್ದಿ ನಿಜವಾ ಸುಳ್ಳಾ ಅಂತ ನೋಡುವ ಆಲ್ಟ್ ನ್ಯೂಸಿನವ್ರು, ನ್ಯೂಸ್‌ಲಾಂಡ್ರಿ ವೆಬ್‌ಸೈಟಿನವ್ರು ಸೇರಿ ಹುಡುಕಿದ್ರು. ವಿಡಿಯೊದಲ್ಲಿ ಒಂದು ಫೋನ್ ನಂಬರ್ ಕಾಣ್ತದೆ, ಅದನ್ನ ಹಿಡ್ಕೊಂಡು ಹೋದ್ರೆ ಸಿಕ್ಕಿದ್ದು ಪುಲ್ ಪ್ರಹ್ಲಾದ್‌ಪುರದ ಒಂದು ಮೊಬೈಲ್ ಅಂಗಡಿ, ಶಾಹೀನ್ ಬಾಗಿಂದ ಸುಮಾರು 8 ಕಿಲೋಮೀಟರ್ ದೂರ. ಮಾತಾಡಿದವರು ದುಡ್ಡು ಹಂಚಿದ್ದನ್ನ ಕಣ್ಣಾರೆ ನೋಡಿದವರಲ್ಲ, ಅಲ್ಲಿ ಇಲ್ಲಿ ಕೇಳಿದ್ದನ್ನ ಹೇಳಿದ್ದು

ಹಾಲಾಡಿ ಮಾವ: ಹಾಗೆ ಹೇಳು ಪುಟ್ಟಿ. ಇವರದ್ದೆಲ್ಲ ಬರೀ ಸುಳ್ಳಿನ ಫ್ಯಾಕ್ಟರಿ

ಪುಟ್ಟಿ: ಮಾವ ನೀವೂ ಸ್ವಲ್ಪ ಇರಿ. 2012ರ ಫೆಬ್ರವರಿಯಲ್ಲಿ ಮನಮೋಹನ್ ಸಿಂಗ್ ಪ್ರಧಾನಿ ಆಗಿದ್ದಾಗ ಸೈನ್ಸ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ವಿರೋಧದ ಹಿಂದೆ ಅಮೆರಿಕದ ಎನ್‌ಜಿಒಗಳು ಉಂಟು ಅಂದ್ರು. ಅಲ್ಲಿ ಉಪವಾಸ ಕೂತದ್ದು ಇಡಿಂದಕರೈಯ ಮೀನುಗಾರರು, ನಮ್ಮ ಮಲ್ಪೆಯವ್ರ ಹಾಗೆ ಕಡಲನ್ನೇ ನಂಬಿದವರು. ಆಗ ನೀವು ಪ್ರಧಾನಿ ಸುಮ್ನೆ ಹೇಳ್ತಾರಾ ಅಂತ ಅಜ್ಜನ ಹತ್ರ ಜಗಳ ಮಾಡಿದ್ದು ನನಗೆ ನೆನಪುಂಟು

ಹಾಲಾಡಿ ಮಾವ: ಅದು ಬೇರೆ ವಿಷಯ

ದುಬೈ ಚಿಕ್ಕಪ್ಪ: ಹೇಗೆ ಬೇರೆ ಮಾರಾಯ್ರೆ? ನೀವು ಹೇಳಿದ್ರೆ ದೇಶದ ಭದ್ರತೆ, ನಾನು ಹೇಳಿದ್ರೆ ಸುಳ್ಳಿನ ಫ್ಯಾಕ್ಟರಿಯಾ?

ಪಡುಬಿದ್ರಿ ಭಾವ: ಪ್ರತಿಭಟನೆ ಅಂದ್ರೆ ನಮ್ಮ ಕೊಜೆಂಟ್ರಿಕ್ಸ್ ಕಂಪೆನಿ ಟೈಮಿದ್ದು. ನಂದಿಕೂರಲ್ಲಿ ಥರ್ಮಲ್ ಪ್ಲಾಂಟ್ ಬರ್ತದೆ ಅಂತ ಆಗಿ ಊರಿಗೆ ಊರೇ ಎದ್ದಿತ್ತು. ಅಪ್ಪ ಸೈಕಲಲ್ಲಿ ಕರ್ಕೊಂಡು ಹೋಗುದು, ಮೀಟಿಂಗ್ ಮುಗಿದ್ಮೇಲೆ ಹೋಟೆಲಲ್ಲಿ ಬಿಸಿ ಗೋಳಿಬಜೆ, ಕಾಯಿ ಚಟ್ನಿ ಹೇಗಿತ್ತು ಅಂದ್ರೆ ಈಗ ಎಲ್ಲೂ ಸಿಗುದಿಲ್ಲ. 1999ರ ಡಿಸೆಂಬರಲ್ಲಿ ಕಂಪೆನಿ ವಾಪಸ್ ಹೋಯ್ತು

ಸಣ್ಣತ್ತೆ: ಆ ಹೋಟೆಲ್ ಈಗ ಉಂಟಾ ಭಾವ? ರೋಡ್ ಅಗಲ ಮಾಡುವಾಗ ಹೋಯ್ತಾ?

ಪುಟ್ಟಿ: ಭಾವ ಆ ಕೊಜೆಂಟ್ರಿಕ್ಸ್ ಅಮೆರಿಕದ ಕಂಪೆನಿ. ಹಾಗಾದ್ರೆ ವಿದೇಶಿ ದುಡ್ಡು ಇದ್ದದ್ದು ಯಾರ ಹತ್ರ, ನಿಮ್ಮ ಅಪ್ಪನ ಹತ್ರವಾ ಕಂಪೆನಿ ಹತ್ರವಾ?

ದೊಡ್ಡಪ್ಪ: ಹಿರಿಯರ ಹೆಸರು ಎಳೆದು ತರ್ಬೇಡ ಮಗಾ

ಪುಟ್ಟಿ: ದೊಡ್ಡಪ್ಪ ಗೌರವದಿಂದಲೇ ಹೇಳಿದ್ದು. ನೀವು ಬೆವರಿನ ಮಾತು ಹೇಳಿದ್ರಿ ಅಲ್ವಾ. 2020ರ ರೈತರ ಹೋರಾಟದಲ್ಲಿ ಬಠಿಂಡಾದ ಒಬ್ರು ರೈತ ಅಜ್ಜಿಯ ಫೋಟೊ ನೋಡಿ ಕಂಗನಾ ರಣಾವತ್ ಅವ್ರು ಇದು ಶಾಹೀನ್ ಬಾಗಲ್ಲಿ ಕೂತಿದ್ದ ದಾದಿಯೇ (ಹಿಂದಿಯಲ್ಲಿ ಅಜ್ಜಿ), 100 ರೂಪಾಯಿಗೆ ಸಿಗ್ತಾರೆ ಅಂತ ಹಾಕಿದ್ರು. ಇವ್ರೇ ಬೇರೆ ಅವ್ರೇ ಬೇರೆ. ಟ್ವೀಟ್ ಡಿಲೀಟ್ ಆಯ್ತು, ಅಜ್ಜಿ ಕೋರ್ಟಿಗೆ ಹೋದ್ರು. ಬದುಕಿಡೀ ಗದ್ದೆಯಲ್ಲಿ ದುಡಿದ ಕೈ ಅದು. ಬೊಗ್ಗಿದ ಬೆನ್ನಲ್ಲಿ ಬಾವುಟ ಹಿಡ್ಕೊಂಡು ನಡೆಯುವವರಿಗೆ ನಾವು ಇಲ್ಲಿ ಕೂತು ರೇಟ್ ಕಟ್ಟುದು ನನಗೆ ಹೊಟ್ಟೆ ಉರೀತದೆ. ನಮ್ಮ ಅಜ್ಜಿಗೆ ಯಾರಾದ್ರೂ ಹಾಗೆ ಹೇಳಿದ್ರೆ ನೀವು ಬಿಡ್ತಿದ್ರಾ?

ದುಬೈ ಚಿಕ್ಕಪ್ಪ: ಒಂದು ವಿಡಿಯೊ ಹಳೇದು ಅಂತ ಫಾರಿನ್ ಫಂಡಿಂಗೇ ಇಲ್ಲ ಅಂತ ಆಗುದಿಲ್ಲ

ಪುಟ್ಟಿ: ಇಲ್ಲ ಅಂತ ನಾನು ಎಲ್ಲಿ ಹೇಳಿದೆ? ಇದ್ರೆ ಲೆಕ್ಕ ತೋರಿಸ್ಬೇಕು ಅಂತ ಹೇಳುದು. ಸಂಸ್ಥೆಗಳಿಗೆ ಹೊರಗಿಂದ ಬರುವ ದೇಣಿಗೆಗೆ ಎಫ್‌ಸಿಆರ್‌ಎ ಅಂತ ಕಾನೂನು ಉಂಟು, 2020ರ ತಿದ್ದುಪಡಿ ಆದ್ಮೇಲೆ ಆ ದುಡ್ಡು ಮೊದಲು ಡೆಲ್ಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರ್ಬೇಕು. ಬಂದದ್ದು ಸರ್ಕಾರಕ್ಕೆ ಗೊತ್ತಾಗ್ತದೆ. ಕಳ್ಳದಾರಿಯಲ್ಲಿ ಬಂದಿದ್ರೆ ಕೇಸ್ ಆಗ್ಬೇಕು, ಯಾರ ಮೇಲೆ, ಯಾವ ಖಾತೆ, ಕೋರ್ಟಲ್ಲಿ ಎಂತ ಆಯ್ತು, ಅದನ್ನ ಹಾಕಿ ನಾನು ಕೂತು ಓದ್ತೇನೆ. ಇನ್ನೊಂದು, 2020ರ ಮಾರ್ಚಲ್ಲಿ ಇನ್ಸಾಫ್ ಅನ್ನುವ ಸಂಸ್ಥೆಯ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ರಾಜಕೀಯ ಗುರಿ ಇಲ್ಲದೆ ಜನರ ಹಕ್ಕಿನ ಹೋರಾಟಕ್ಕೆ ಬೆಂಬಲ ಕೊಟ್ಟ ಮಾತ್ರಕ್ಕೆ ಒಂದು ಸಂಸ್ಥೆಯನ್ನ ರಾಜಕೀಯದ್ದು ಅಂತ ಮಾಡ್ಲಿಕ್ಕೆ ಬರುದಿಲ್ಲ ಅಂತ

ಹಾಲಾಡಿ ಮಾವ: ಸುರತ್ಕಲ್ ಟೋಲ್ ಗೇಟ್ ತೆಗೀಬೇಕು ಅಂತ ಹೋರಾಟ ಆದಾಗಲೂ ಹೀಗೇ ಹೇಳಿದ್ರು, ಹಿಂದೆ ಯಾರೋ ಉಂಟು ಅಂತ. ಈ ಗ್ರೂಪಲ್ಲೇ ಹೇಳಿದ್ದು, ಯಾರು ಅಂತ ಹೇಳುದಿಲ್ಲ

ದುಬೈ ಚಿಕ್ಕಪ್ಪ: ಹೆಸರು ಹೇಳಿ, ಹೆದರಿಕೆ ಎಂತಕ್ಕೆ. ನಾನೇ ಹೇಳಿದ್ದು

ಪುಟ್ಟಿ: 2022ರ ಅಕ್ಟೋಬರ್ ಕೊನೆಗೆ ಅಲ್ಲಿ ಹಗಲು ರಾತ್ರಿ ಧರಣಿ ಶುರುವಾದಾಗ ದೊಡ್ಡಪ್ಪನೇ ಒಂದು ಗೊನೆ ಬಾಳೆಹಣ್ಣು, ಒಂದು ಫ್ಲಾಸ್ಕ್ ಚಾ ಕೊಟ್ಟು ಬಂದಿದ್ರು. ಡಿಸೆಂಬರ್ 1ರಿಂದ ಟೋಲ್ ನಿಂತಿತು. ಹಾಗಾದ್ರೆ ಫಂಡಿಂಗ್ ಮಾಡಿದವರು ದೊಡ್ಡಪ್ಪನಾ? ಶಾಮಿಯಾನಕ್ಕೆ, ಊಟಕ್ಕೆ ಯಾರೋ ಕೊಡ್ಲೇಬೇಕು. ಖರ್ಚಿಗೆ ಕೊಡುದು ಬೇರೆ, ಜನರನ್ನ ಬಾಡಿಗೆಗೆ ತರುದು ಬೇರೆ

ದೊಡ್ಡಪ್ಪ: ಬಾಳೆಹಣ್ಣು ನಮ್ಮ ತೋಟದ್ದು. ನಾನು ಯಾರಿಂದಲೂ ಒಂದು ರೂಪಾಯಿ ತಗೊಂಡವನಲ್ಲ

ದುಬೈ ಚಿಕ್ಕಪ್ಪ: ಲೆಕ್ಕದ ಮಾತು ಬಂತಲ್ಲ ಈಗ. ನಾಗಬನದ ಜೀರ್ಣೋದ್ಧಾರಕ್ಕೆ ನಾನು ಕಳಿಸಿದ ದುಡ್ಡಿನ ಲೆಕ್ಕ ಇಷ್ಟು ವರ್ಷ ಆದ್ರೂ ಯಾರೂ ಹಾಕಿಲ್ಲ ಈ ಗ್ರೂಪಲ್ಲಿ. ಅದನ್ನೂ ಕೇಳು ಪುಟ್ಟಿ

ಹಾಲಾಡಿ ಮಾವ: ಅದನ್ನ ಈಗ ಎಂತಕ್ಕೆ ತೆಗೀತೀರಿ

ಸಣ್ಣತ್ತೆ: ಕೇಳಿದ್ದು ಸರಿಯೇ ಅಲ್ವಾ. ನಾನೂ ಕೊಟ್ಟಿದ್ದೇನೆ

ಪುಟ್ಟಿ: ಚಿಕ್ಕಪ್ಪ ಅದನ್ನೂ ಕೇಳ್ತೇನೆ, ನೀವು ಕೇಳಿದ್ದು ನ್ಯಾಯವೇ. ಮಾವ ರಶೀದಿ ಪುಸ್ತಕ ನಿಮ್ಮ ಹತ್ರವೇ ಉಂಟಲ್ಲ, ಫೋಟೊ ತೆಗ್ದು ಹಾಕಿ. ಚಿಕ್ಕಪ್ಪ ನೀವು ಆಫೀಸಿನ ಗ್ರೂಪಲ್ಲಿ ಆ ವಿಡಿಯೊ 2020ರದ್ದು ಅಂತ ಒಂದು ಸಾಲು ಬರೀರಿ

ದುಬೈ ಚಿಕ್ಕಪ್ಪ: ಮೊದಲು ರಶೀದಿ ಬರ್ಲಿ

ಪಡುಬಿದ್ರಿ ಭಾವ: ಹೋಟೆಲ್ ಇಲ್ಲ ಅತ್ತೆ, ಈಗ ಅಲ್ಲಿ ಟಯರ್ ಅಂಗಡಿ